ಒಂದು ಪುಸ್ತಕ, ಮೂರು ಫೈಲ್: ಡಿಜಿಟಲ್ ಗ್ರಂಥಾಲಯಕ್ಕೆ ಇಪಬ್ ಏಕೆ ಬೇಕು

ಆಲೂರು ವೆಂಕಟರಾಯರು ವಿಜಯಪುರದಲ್ಲಿ ಹುಟ್ಟಿ ಧಾರವಾಡದವರಾದರು. ಫ.ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಯಪುರದವರಾದರು. ಇಬ್ಬರೂ ಹುಟ್ಟಿದ್ದು 1880ರಲ್ಲಿ, ತೀರಿಕೊಂಡದ್ದು 1964ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ. ಆ ಗಡುವು 2024ರ ಡಿಸೆಂಬರಿಗೆ ಮುಗಿದಿದೆ. ಅಂದರೆ 1917ರಲ್ಲಿ ಬಂದ ಆಲೂರರ ‘ಕರ್ನಾಟಕ ಗತವೈಭವ’ವನ್ನು ಧಾರವಾಡದ ಯಾವ ಗ್ರಂಥಾಲಯವಾದರೂ ಈಗ ಯಾರ ಅಪ್ಪಣೆಗೂ ಕಾಯದೆ ಡಿಜಿಟಲ್ ಪ್ರತಿ ಮಾಡಿ ಹಂಚಬಹುದು. ಮುಂದಿನ ಆವೃತ್ತಿಗಳಿಗೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳ ಹಕ್ಕು ಮಾತ್ರ ಬೇರೆ. ಅವನ್ನು ಬಿಟ್ಟು ಮೂಲಪಾಠವನ್ನಷ್ಟೇ ತೆಗೆದುಕೊಳ್ಳಬೇಕು. ಹಾವೇರಿ ಸೀಮೆಯ ಗಳಗನಾಥರು 1942ರಲ್ಲೇ ತೀರಿಕೊಂಡವರು. ಅವರ ಕಾದಂಬರಿಗಳು 2003ರಿಂದಲೇ ಮುಕ್ತ. ಬೇಂದ್ರೆಯವರಿಗೆ 2042ರವರೆಗೆ ಕಾಯಬೇಕು.

ಹಕ್ಕಿನ ಪ್ರಶ್ನೆ ಬಗೆಹರಿದರೆ ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ‘ಡಿಜಿಟಲೀಕರಣ’ ಎಂಬ ಮಾತು ಸಭೆಗಳಲ್ಲಿ ಬಹಳ ಕೇಳಿಬರುತ್ತದೆ, ಆದರೆ ಪುಸ್ತಕವನ್ನು ಯಾವ ರೂಪದ ಫೈಲ್ ಆಗಿ ಇಡುತ್ತೀರಿ ಎಂದು ಕೇಳುವವರು ಕಡಿಮೆ. ಹತ್ತು ವರ್ಷದ ನಂತರ ಆ ಪುಸ್ತಕ ತೆರೆದುಕೊಳ್ಳುತ್ತದೆಯೇ, ಅದರಲ್ಲಿ ಒಂದು ಪದ ಹುಡುಕಿದರೆ ಸಿಗುತ್ತದೆಯೇ, ಕಣ್ಣು ಕಾಣದವರಿಗೆ ಅದು ದಕ್ಕುತ್ತದೆಯೇ ಎಂಬುದೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ‘ಗತವೈಭವ’ವನ್ನೇ ಹಿಡಿದು ನೋಡೋಣ. ಅದು ಗ್ರಂಥಾಲಯಕ್ಕೆ ಮೂರು ಬಗೆಯ ಫೈಲ್ ಆಗಿ ಬರಬಹುದು: ಸ್ಕ್ಯಾನ್ ಪ್ರತಿ, ಡಿಟಿಪಿ ಪ್ರತಿ, ಮತ್ತು ಇಪಬ್ ಎಂಬ ಇ-ಪುಸ್ತಕದ ರೂಪ.

ಮೊದಲನೆಯದು ಸ್ಕ್ಯಾನ್ ಪ್ರತಿ. ಹಳೆಯ ಪುಸ್ತಕದ ಪುಟಪುಟಕ್ಕೂ ಫೋಟೊ ತೆಗೆದು, ಎಲ್ಲವನ್ನೂ ಒಂದು ಪಿಡಿಎಫ್ ಮಾಡಿ ಇಡುವುದು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಆದದ್ದು ಇದೇ. ಆ ಸಂಗ್ರಹದ ಎಷ್ಟೋ ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಈ ಕೆಲಸವನ್ನು ಹಗುರವಾಗಿ ಕಾಣಬಾರದು. ಹುಳು ತಿಂದು ಹೋಗುತ್ತಿದ್ದ ಪುಸ್ತಕಗಳನ್ನು ಅದು ಉಳಿಸಿದೆ. ಆದರೆ ಉಳಿದದ್ದು ಪುಟದ ಚಿತ್ರ, ಪಠ್ಯವಲ್ಲ. ಆರು ಅಂಗುಲದ ಮೊಬೈಲಿನಲ್ಲಿ ಡೆಮಿ ಅಳತೆಯ ಪುಟವನ್ನು ಹಿಗ್ಗಿಸಿ, ಸಾಲಿನ ತುದಿ ಕಾಣಲು ಬಲಕ್ಕೆ ಸರಿಸಿ, ಮುಂದಿನ ಸಾಲಿಗೆ ಮತ್ತೆ ಎಡಕ್ಕೆ ಸರಿಸಿ ಓದಿದವರಿಗೆ ಅದರ ಕಷ್ಟ ಗೊತ್ತು. ‘ಚಾಲುಕ್ಯ’ ಎಂದು ಹುಡುಕಿದರೆ ಏನೂ ಸಿಗದು, ಏಕೆಂದರೆ ಯಂತ್ರದ ಪಾಲಿಗೆ ಅಲ್ಲಿ ಅಕ್ಷರವೇ ಇಲ್ಲ.

ಪಿಡಿಎಫ್ ಖಾಸಗಿ ಸ್ವತ್ತು, ಆದ್ದರಿಂದ ಈ ತೊಂದರೆ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಅಡೋಬಿ ಕಂಪನಿ 1993ರಲ್ಲಿ ತಂದ ಪಿಡಿಎಫ್ 2008ರಿಂದ ಐಎಸ್‌ಒ ಮಾನಕ. ಅದನ್ನು ಓದುವ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯಬಹುದು. ತೊಂದರೆ ಇರುವುದು ಅದರ ಹುಟ್ಟಿನಲ್ಲಿ. ಕಾಗದದ ಮೇಲೆ ಪುಟ ಹೇಗೆ ಕಾಣಬೇಕೋ ಹಾಗೆಯೇ ಎಲ್ಲೆಡೆ ಕಾಣಲಿ ಎಂದು ಮಾಡಿದ ರೂಪ ಅದು. ಮುದ್ರಣಾಲಯಕ್ಕೆ ಅದೇ ಗುಣ, ಮೊಬೈಲ್ ಓದುಗರಿಗೆ ಅದೇ ದೋಷ.

ಎರಡನೆಯದು ಡಿಟಿಪಿ ಪ್ರತಿ. ಪುಸ್ತಕವನ್ನು ಹೊಸದಾಗಿ ಟೈಪ್ ಮಾಡಿ, ಪುಟ ವಿನ್ಯಾಸ ಮಾಡಿ, ಮುದ್ರಣಕ್ಕೆ ಕಳಿಸಿದ ಅದೇ ಪಿಡಿಎಫ್ ಅನ್ನು ಗ್ರಂಥಾಲಯಕ್ಕೂ ಕೊಡುವುದು. ನೋಡಲು ಬಲು ಚೆಂದ. ಅಕ್ಷರ ಸ್ಫುಟ, ಅಂಚು ನೇರ. ನಮ್ಮ ಭಾಗದ ಓದುಗರು ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ಇದನ್ನೇ. ಗದಗಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್‌ಗೆ, ಅಲ್ಲಿಂದ ಡಿಟಿಪಿಗೆ ಬಂದ ಊರು ಅದು. ಡಿಟಿಪಿಯ ಮೊದಲ ದಿನಗಳಲ್ಲಿ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳು ಮತ್ತು ಒಂದಷ್ಟು ಯುರೋಪಿಯನ್ ಚಿಹ್ನೆಗಳು ಮಾತ್ರ. ಆಗ ಫಾಂಟ್ ಮಾಡಿದವರು ಜಾಣತನದ ಒಂದು ದಾರಿ ಹುಡುಕಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ನೀವು ‘ಕನ್ನಡ’ ಎಂದು ಬರೆದರೆ ಪರದೆಯ ಮೇಲೆ ‘ಕನ್ನಡ’ ಎಂದೇ ಕಾಣುತ್ತದೆ, ಆದರೆ ಫೈಲಿನ ಒಳಗೆ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀರು ಇರುವ ಒಂದು ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಹೀಗೆ. ಫಾಂಟ್ ಕಿತ್ತರೆ ಕನ್ನಡವೂ ಹೋಯಿತು.

ಆ ಕಾಲಕ್ಕೆ ಅದು ಅನಿವಾರ್ಯವಾಗಿತ್ತು, ಅದರಿಂದ ಸಾವಿರಾರು ಪುಸ್ತಕಗಳು ಅಚ್ಚಾದವು. ಈಗ ಅನಿವಾರ್ಯವಲ್ಲ. ಯುನಿಕೋಡ್ ಎಂಬ ಅಕ್ಷರಸಂಕೇತದ ಮಾನಕ ತನ್ನ ಮೊದಲ ಆವೃತ್ತಿ ಬಂದ 1991ರಿಂದಲೂ ಕನ್ನಡದ ಪ್ರತಿ ಅಕ್ಷರಕ್ಕೆ ತನ್ನದೇ ಸಂಖ್ಯೆ ಕೊಟ್ಟಿದೆ. ಮೊಬೈಲಿನಲ್ಲಿ ನಾವೆಲ್ಲ ಬರೆಯುವುದು ಅದರಲ್ಲೇ. ವಿಚಿತ್ರವೆಂದರೆ, ಲೇಖಕರು ಯುನಿಕೋಡ್‌ನಲ್ಲಿ ಬರೆದು ಕಳಿಸಿದ ಹಸ್ತಪ್ರತಿಯನ್ನು ಮುದ್ರಣಕ್ಕೆಂದು ಹಳೆಯ ಫಾಂಟಿಗೆ ಇಳಿಸುವ ರೂಢಿ ಇನ್ನೂ ನಿಂತಿಲ್ಲ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ನಮ್ಮಲ್ಲಿ ಅದರ ಸಂಸಾರ ಇನ್ನೂ ನಡೆದಿದೆ. ಇನ್‌ಡಿಸೈನ್‌ನಂಥ ಇಂದಿನ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸುತ್ತವೆ.

ಯುನಿಕೋಡ್ ಫಾಂಟಿನಿಂದಲೇ ಮಾಡಿದ ಪಿಡಿಎಫ್ ಆದರೂ ಕನ್ನಡದ ಮಟ್ಟಿಗೆ ಪೂರ್ತಿ ನಂಬಿಕಸ್ಥವಲ್ಲ. ಪಿಡಿಎಫ್ ತನ್ನೊಳಗೆ ಇಡುವುದು ಅಕ್ಷರಗಳ ಆಕಾರಗಳನ್ನು. ಒತ್ತಕ್ಷರ, ಅರ್ಕಾವತ್ತು, ಕೊಂಬು, ದೀರ್ಘ ಸೇರಿ ಮೂಡಿದ ಆಕಾರದಿಂದ ಮೂಲ ಅಕ್ಷರಕ್ಕೆ ಹಿಂದಿರುಗುವ ದಾರಿಯನ್ನು ಅದು ಹಲವು ಸಲ ಕಳೆದುಕೊಳ್ಳುತ್ತದೆ. ಒಂದು ಪ್ಯಾರಾ ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ, ಒತ್ತುಗಳು ಚದುರಿ ಬಿದ್ದಿರುವುದು ಕಂಡೀತು.

ಮೂರನೆಯದು ಇಪಬ್. ಇದು ಯಾವುದೋ ಒಂದು ಕಂಪನಿಯ ಗುಟ್ಟಿನ ರೂಪವಲ್ಲ. 1999ರಲ್ಲಿ ‘ಓಪನ್ ಇಬುಕ್’ ಎಂಬ ಹೆಸರಿನಲ್ಲಿ ಇದರ ಪೂರ್ವಜ ಬಂತು. 2007ರಲ್ಲಿ ಇಪಬ್ ಎಂಬ ಮಾನಕವಾಯಿತು, 2011ರಲ್ಲಿ ಮೂರನೆಯ ಆವೃತ್ತಿ ಹೊರಬಂತು. 2017ರಿಂದ ಅದರ ಹೊಣೆ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯದು. ಈಗಿನ 3.3 ಆವೃತ್ತಿಗೆ 2023ರ ಮೇ ತಿಂಗಳಲ್ಲಿ ಅಧಿಕೃತ ಮುದ್ರೆ ಬಿದ್ದಿತು.

ಇಪಬ್ ಎಂದರೆ ಬುತ್ತಿಗಂಟು. ಹೊರಗಿನಿಂದ ಒಂದೇ ಗಂಟು, ಬಿಚ್ಚಿದರೆ ಒಳಗೆ ರೊಟ್ಟಿ, ಪಲ್ಯ, ಚಟ್ನಿಪುಡಿ ಬೇರೆ ಬೇರೆ. ಬಿಚ್ಚುವುದೂ ಸುಲಭ. ಫೈಲಿನ ಹೆಸರಿನ ಕೊನೆಯಲ್ಲಿರುವ ‘ಇಪಬ್’ ಎಂಬುದನ್ನು ‘ಜಿಪ್’ ಎಂದು ಬದಲಿಸಿ ಕಂಪ್ಯೂಟರಿನಲ್ಲಿ ತೆರೆದರೆ ಸಾಕು. ಮೊದಲಿಗೇ ಇಪ್ಪತ್ತು ಅಕ್ಷರಗಳ ಒಂದು ಪುಟ್ಟ ಫೈಲ್ ಇರುತ್ತದೆ. ‘ನಾನು ಇಪಬ್’ ಎಂದು ಓದುವ ತಂತ್ರಾಂಶಕ್ಕೆ ಗುರುತು ಹೇಳುವುದಷ್ಟೇ ಅದರ ಕೆಲಸ. ಅಧ್ಯಾಯಗಳು ವೆಬ್ ಪುಟಗಳ ಭಾಷೆಯಲ್ಲೇ ಇರುತ್ತವೆ. ಅಕ್ಷರದ ಗಾತ್ರ, ಅಂಚು, ಶೀರ್ಷಿಕೆಗಳ ಅಲಂಕಾರಕ್ಕೆ ಬೇರೆ ಫೈಲ್. ಚಿತ್ರಗಳು, ಫಾಂಟು, ಪರಿವಿಡಿ ಎಲ್ಲಕ್ಕೂ ಅವುಗಳದೇ ಜಾಗ. ಪಠ್ಯ ಮತ್ತು ಅದರ ಅಲಂಕಾರ ಬೇರೆಯಾಗಿರುವುದರಿಂದ ಓದುಗ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಮುರಿದು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಎಪ್ಪತ್ತರ ಅಜ್ಜನಿಗೆ ದಪ್ಪ ಅಕ್ಷರ, ಮೊಮ್ಮಗಳಿಗೆ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ; ಫೈಲ್ ಮಾತ್ರ ಅದೇ.

ಗ್ರಂಥಪಾಲಕರು ಗಮನಿಸಬೇಕಾದ ಒಂದು ಭಾಗ ಈ ಗಂಟಿನಲ್ಲಿದೆ. ಪುಸ್ತಕದ ಹೆಸರು, ಲೇಖಕ, ಭಾಷೆ, ಪ್ರಕಾಶಕ, ವರ್ಷ, ಗುರುತಿನ ಸಂಖ್ಯೆ ಇವೆಲ್ಲ ಬರೆದಿಟ್ಟ ಒಂದು ಪುಟ. ಹಳೆಯ ಗ್ರಂಥಾಲಯಗಳ ಕಟ್ಟಿಗೆಯ ಡ್ರಾದಲ್ಲಿರುತ್ತಿದ್ದ ಕಾರ್ಡು ಈಗ ಪುಸ್ತಕದ ಹೊಟ್ಟೆಯೊಳಗೇ ಇದೆ. ಇದನ್ನು ಭರ್ತಿ ಮಾಡುವವರೇ ಇಲ್ಲ ಎನ್ನುವುದು ನನ್ನ ದೂರು. ಎಷ್ಟೋ ಕನ್ನಡ ಇ-ಪುಸ್ತಕಗಳಲ್ಲಿ ಲೇಖಕರ ಜಾಗದಲ್ಲಿ ‘ಅಜ್ಞಾತ’ ಎಂದೋ, ಟೈಪ್ ಮಾಡಿದ ಕಂಪ್ಯೂಟರಿನ ಹೆಸರೋ ಇರುತ್ತದೆ. ಹೆಸರು ಹಾಕಿದವರೂ ಒಬ್ಬರು ‘ಆಲೂರು ವೆಂಕಟರಾವ್’ ಎಂದರೆ ಇನ್ನೊಬ್ಬರು ‘ಆಲೂರ ವೆಂಕಟರಾಯ’ ಎನ್ನುತ್ತಾರೆ. ಯಂತ್ರ ಅವರನ್ನು ಇಬ್ಬರು ಲೇಖಕರು ಎಂದೇ ಎಣಿಸುತ್ತದೆ. ಇಲ್ಲಿ ಬೇಕಾದದ್ದು ಹೊಸ ತಂತ್ರಜ್ಞಾನವಲ್ಲ, ಗ್ರಂಥಾಲಯ ವಿಜ್ಞಾನದ ಹಳೆಯ ಶಿಸ್ತು. ಭಾಷೆಯ ಜಾಗದಲ್ಲಿ ಕನ್ನಡ ಎಂದು ಗುರುತು ಹಾಕುವುದನ್ನೂ ಮರೆಯಬಾರದು. ಯಾವ ಧ್ವನಿಯಲ್ಲಿ ಓದಬೇಕು, ಸಾಲನ್ನು ಎಲ್ಲಿ ಮುರಿಯಬೇಕು ಎಂಬುದನ್ನು ತಂತ್ರಾಂಶ ತಿಳಿಯುವುದು ಅದರಿಂದಲೇ.

ಗಾತ್ರದ ಲೆಕ್ಕವನ್ನೂ ನೋಡಿ. ಯುನಿಕೋಡ್ ಕನ್ನಡದ ಒಂದೊಂದು ಅಕ್ಷರ, ಗುಣಿತ ಚಿಹ್ನೆ ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ಮೂರು ಬೈಟ್ ಹಿಡಿಯುತ್ತದೆ. ಐವತ್ತು ಸಾವಿರ ಪದಗಳ ಪುಸ್ತಕ, ಪದಕ್ಕೆ ಸರಾಸರಿ ಎಂಟು ಚಿಹ್ನೆ ಎಂದರೆ ಹೆಚ್ಚು ಕಡಿಮೆ 12 ಲಕ್ಷ ಬೈಟ್. ಒಂದು ಎಂಬಿಗಿಂತ ತುಸು ಹೆಚ್ಚು. ಗಂಟು ಕಟ್ಟುವಾಗ ಅದು ಕುಗ್ಗುತ್ತದೆ. ಫಾಂಟ್ ಸೇರಿಸಿದರೂ ಒಂದು ಎಂಬಿಯೊಳಗೇ ಮುಗಿಯುತ್ತದೆ. ಅದೇ ಪುಸ್ತಕದ ಒಳ್ಳೆಯ ಸ್ಕ್ಯಾನ್ ಹತ್ತಾರು ಎಂಬಿ ನುಂಗುತ್ತದೆ. ಹಾವೇರಿ ಜಿಲ್ಲೆಯ ಯಾವುದೋ ಹಳ್ಳಿಯ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ಹೊತ್ತಿಗೆ ನೆಟ್‌ವರ್ಕ್ ಎಳೆದಾಡುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಕನ್ನಡಕ್ಕೇ ವಿಶೇಷವಾದ ಕೆಲವು ಎಡವಟ್ಟುಗಳಿವೆ. ಹಳೆಯ ಓದುಯಂತ್ರಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಅಂಥವುಗಳಲ್ಲಿ ‘ಧರ್ಮ’ದಂಥ ಪದವೂ ಬಿಡಿಬಿಡಿಯಾಗಿ ಕಾಣುತ್ತದೆ. ಇಂದಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಈ ಸಮಸ್ಯೆ ಬಹುಪಾಲು ನೀಗಿದೆ. ಆದರೂ ಪುಸ್ತಕದೊಳಗೇ ಒಂದು ಮುಕ್ತ ಪರವಾನಗಿಯ ಫಾಂಟ್, ಉದಾಹರಣೆಗೆ ಗೂಗಲ್‌ನ ನೋಟೊ ಕನ್ನಡ, ಸೇರಿಸುವುದು ಒಳ್ಳೆಯದು. ಖಾಸಗಿ ಫಾಂಟುಗಳನ್ನು ಹಾಗೆ ಸೇರಿಸಿ ಹಂಚಲು ಪರವಾನಗಿ ಇರುತ್ತದೆಂದು ಹೇಳಲಾಗದು. ಇನ್ನೊಂದು, ಕಣ್ಣಿಗೆ ಕಾಣದ ಚಿಹ್ನೆ. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗದಂತೆ ತಡೆಯಲು ಜ್ ಮತ್ತು ಕು ನಡುವೆ ಒಂದು ಅದೃಶ್ಯ ಚಿಹ್ನೆ ಕೂತಿರುತ್ತದೆ. ಪಠ್ಯವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಇದು ಉದುರಿಹೋಗುವುದುಂಟು, ಹುಡುಕಾಟಕ್ಕೂ ಅಡ್ಡ ಬರುವುದುಂಟು. ಹಳಗನ್ನಡದ ಱ, ೞ ಎರಡಕ್ಕೂ ಯುನಿಕೋಡ್‌ನಲ್ಲಿ ಜಾಗವಿದೆ. ತಮಾಷೆಯೆಂದರೆ ೞಕ್ಕೆ ಆ ಮಾನಕದಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಕ್ರಮ ಅಲ್ಲಿಲ್ಲ. ಹೆಸರು ಏನೇ ಇರಲಿ, ಗದುಗಿನ ಭಾರತವನ್ನೋ ಅದಕ್ಕೂ ಹಿಂದಿನ ಕಾವ್ಯವನ್ನೋ ಸರಿಯಾಗಿ ಟೈಪ್ ಮಾಡಲು ಅಡ್ಡಿಯಿಲ್ಲ.

ಇಪಬ್ ಮುಕ್ತ ಎಂದೆ. ಮುಕ್ತವಾಗಿರುವುದರಿಂದ ಏನು ಲಾಭ? ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು 2019ರಲ್ಲಿ ಮುಚ್ಚಿತು. ಹಣ ಕೊಟ್ಟು ಕೊಂಡವರ ಪುಸ್ತಕಗಳೂ ಆ ಜುಲೈಯಿಂದ ತೆರೆಯದಾದವು. ಕಂಪನಿ ಹಣ ಹಿಂದಿರುಗಿಸಿತು, ಪುಸ್ತಕವನ್ನಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್ ಎಂಬ ತನ್ನ ಓದುಯಂತ್ರಕ್ಕೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ರೂಪವೂ ಅವರದೇ, ಯಂತ್ರವೂ ಅವರದೇ, ಅಂಗಡಿಯೂ ಅವರದೇ ಆದಾಗ ನಮ್ಮ ಸರದಿ ಬರುವುದು ಅವರ ಲಾಭದ ಲೆಕ್ಕ ಕೂಡಿದ ಮೇಲೆ. ಇಪಬ್‌ಗೆ ಅಂಥ ಒಡೆಯರಿಲ್ಲ. ಧಾರವಾಡದ ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಯಾದರೂ ಮಾನಕ ಓದಿಕೊಂಡು ಕನ್ನಡಕ್ಕೆ ಒಗ್ಗುವ ಓದುತಂತ್ರಾಂಶ ಬರೆಯಬಹುದು, ಯಾರಿಗೂ ಕಾಸು ಕೊಡಬೇಕಿಲ್ಲ.

ಹಾಗೆಂದು ಇಪಬ್ ಎಂಬ ಹೆಸರು ಕಂಡ ತಕ್ಷಣ ಬೀಗವಿಲ್ಲ ಎಂದುಕೊಳ್ಳಬಾರದು. ಅದೇ ಗಂಟಿಗೆ ಡಿಆರ್‌ಎಂ ಎಂಬ ಬೀಗ ಹಾಕಿ ಮಾರುವವರಿದ್ದಾರೆ. ಹಕ್ಕಿರುವ ಪುಸ್ತಕವನ್ನು ಎರವಲು ಕೊಡುವಾಗ ಅವಧಿ ಮುಗಿದ ಮೇಲೆ ಪ್ರತಿ ಮುಚ್ಚಿಕೊಳ್ಳಬೇಕು ಎಂಬ ಪ್ರಕಾಶಕರ ಬೇಡಿಕೆ ತಪ್ಪೇನಲ್ಲ. ಅದಕ್ಕೆ ರೀಡಿಯಂ ಎಲ್‌ಸಿಪಿಯಂಥ, ಒಂದೇ ಕಂಪನಿಗೆ ಕಟ್ಟುಬೀಳದ ವ್ಯವಸ್ಥೆ ಇದೆ. ಹಕ್ಕು ಮುಗಿದ ಆಲೂರರ ಪುಸ್ತಕಕ್ಕೆ ಬೀಗ ಹಾಕುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಒಂದು ಆ್ಯಪ್‌ನ ಒಳಗೆ ಮಾತ್ರ ತೆರೆಯುವ ಪುಸ್ತಕವೂ ಬೀಗ ಹಾಕಿದ ಪುಸ್ತಕವೇ. ಆ್ಯಪ್‌ನ ಗುತ್ತಿಗೆ ನವೀಕರಣವಾಗದಿದ್ದರೆ ಗ್ರಂಥಾಲಯದ ಕೈಯಲ್ಲಿ ಉಳಿಯುವುದೇನು ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು.

ಗದಗದಲ್ಲಿ ಈ ವಿಷಯ ಬರೆಯುವಾಗ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಇರಲಾಗದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸ್ವತಃ ಕಣ್ಣು ಕಾಣದವರು. ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟ ಜಾಗ ಅದು. ಇಂದು ಕಣ್ಣು ಕಾಣದ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಆದರೆ ಓದಲು ಅಕ್ಷರ ಬೇಕಲ್ಲ! ಸ್ಕ್ಯಾನ್ ಪ್ರತಿ ಕೊಟ್ಟರೆ ಮೌನ. ಹಳೆಯ ಫಾಂಟಿನ ಪಿಡಿಎಫ್ ಕೊಟ್ಟರೆ ಅದು ‘ಪಿ, ಎ, ಪೌಂಡ್’ ಎಂದು ಅರ್ಥವಿಲ್ಲದ್ದನ್ನು ಒದರುತ್ತದೆ. ಯುನಿಕೋಡ್‌ನ ಇಪಬ್ ಕೊಟ್ಟರೆ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಿ, ಬೇಕಾದ ಸಾಲಿನಲ್ಲಿ ನಿಂತು, ಮತ್ತೆ ಕೇಳಬಹುದು. ಕಾನೂನೂ ಇಲ್ಲಿ ನಮ್ಮ ಪರವಾಗಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಲು ಅವಕಾಶ ಕೊಡುತ್ತದೆ; ಹಕ್ಕು ಇನ್ನೂ ಉಳಿದಿರುವ ಪುಸ್ತಕಕ್ಕೂ ಇದು ಅನ್ವಯ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಪುಸ್ತಕಗಳನ್ನು ಪುಟದ ಚಿತ್ರವಾಗಿಯೇ ಉಳಿಸಿಕೊಂಡರೆ ಆ ಕಾನೂನಿನಿಂದ ಸಿಗುವ ಪ್ರಯೋಜನ ಅಲ್ಪ.

ಎಲ್ಲಕ್ಕೂ ಇಪಬ್ ಮದ್ದಲ್ಲ. ಲಕ್ಕುಂಡಿಯ ಶಾಸನಗಳ ಪಡಿಯಚ್ಚು ಇರುವ ಸಂಪುಟ, ಗಣಿತದ ಪಠ್ಯಪುಸ್ತಕ, ನಕ್ಷೆ, ಕೋಷ್ಟಕಗಳು ತುಂಬಿದ ಗ್ಯಾಸೆಟಿಯರ್ ಇವಕ್ಕೆ ಪುಟದ ವಿನ್ಯಾಸವೇ ಅರ್ಥದ ಭಾಗ. ಅಲ್ಲಿ ಪಿಡಿಎಫ್ ಇರಲಿ. ದೀರ್ಘಕಾಲ ಕಾಪಿಡಲೆಂದೇ ರೂಪಿಸಿದ ಪಿಡಿಎಫ್/ಎ ಎಂಬ ಬಗೆ 2005ರಿಂದ ಇದೆ. ‘ಗತವೈಭವ’ದಂಥ ಹಳೆಯ ಪುಸ್ತಕಕ್ಕೂ ಇಪಬ್ ಮಾಡಿದ ಮೇಲೆ ಸ್ಕ್ಯಾನ್ ಪ್ರತಿಯನ್ನು ಅಳಿಸಬಾರದು. ಪಾಠದ ಬಗ್ಗೆ ಅನುಮಾನ ಬಂದಾಗ ಸಾಕ್ಷಿ ಹೇಳುವುದು ಅದೇ.

ಸ್ಕ್ಯಾನ್‌ನಿಂದ ಇಪಬ್‌ಗೆ ಹೋಗುವ ದಾರಿಯಲ್ಲಿ ಅಡ್ಡದಾರಿ ಇಲ್ಲ. ಕೆಲವರು ಪಿಡಿಎಫ್ ಅನ್ನು ಕ್ಯಾಲಿಬರ್ ತಂತ್ರಾಂಶಕ್ಕೆ ಕೊಟ್ಟು ‘ಪರಿವರ್ತಿಸು’ ಎಂಬ ಗುಂಡಿ ಒತ್ತಿ, ಬಂದದ್ದನ್ನು ಇಪಬ್ ಎಂದು ಪಟ್ಟಿಗೆ ಸೇರಿಸಿಬಿಡುತ್ತಾರೆ. ಒಳಗೆ ಇರುವುದು ಮತ್ತದೇ ಚಿತ್ರ. ಡಿಟಿಪಿ ಪ್ರತಿಯಾದರೆ ಹಳೆಯ ಫಾಂಟಿನಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಸ್ಕ್ಯಾನ್ ಆದರೆ ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ಬೇಕು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಗೊತ್ತಿದೆ, ಆದರೆ ನೂರು ವರ್ಷದ ಹಿಂದಿನ ಮೊಳೆಯಚ್ಚಿನ ಮುಂದೆ ಅದು ತಡವರಿಸುತ್ತದೆ. ಅನುಸ್ವಾರವನ್ನು ಕನ್ನಡದ ಸೊನ್ನೆ ಎನ್ನುತ್ತದೆ, ಅರ್ಕಾವತ್ತನ್ನು ಒಂಬತ್ತು ಎನ್ನುತ್ತದೆ. ಪರದೆಯ ಮೇಲೆ ‘ಂ’ ಮತ್ತು ‘೦’ ಒಂದೇ ಥರ ಕಾಣುವುದರಿಂದ ಕರಡು ತಿದ್ದುವವರ ಕಣ್ಣಿಗೂ ಮೋಸವಾಗುತ್ತದೆ. ಪದದ ನಡುವೆ ಅಂಕಿ ಬಂದಿದೆಯೇ ಎಂದು ಯಂತ್ರದಿಂದಲೇ ಹುಡುಕಿಸಬೇಕು. ಉಳಿದದ್ದು ಸಾಲು ಸಾಲಾಗಿ ಮನುಷ್ಯರು ನೋಡಬೇಕಾದ ಕೆಲಸ. ಕನ್ನಡ ವಿಕಿಸೋರ್ಸ್‌ನಲ್ಲಿ ಎಡಕ್ಕೆ ಪಠ್ಯ, ಬಲಕ್ಕೆ ಪುಟದ ಚಿತ್ರ ಇಟ್ಟುಕೊಂಡು ಹಲವರು ಹಂಚಿಕೊಂಡು ತಿದ್ದಬಹುದು, ಮುಗಿದ ಪುಸ್ತಕವನ್ನು ಅಲ್ಲಿಂದಲೇ ಇಪಬ್ ಆಗಿ ಇಳಿಸಿಕೊಳ್ಳಬಹುದು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಪಾಠವಾಗಿ ಇದನ್ನು ಕೊಟ್ಟರೆ ಅವರಿಗೂ ಲಾಭ, ಪುಸ್ತಕಕ್ಕೂ ಲಾಭ.

ಪುಸ್ತಕ ಸಿದ್ಧವಾದ ಮೇಲೆ ಹಂಚುವುದು ಸುಲಭ. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಅದೇ ಕ್ಯಾಲಿಬರ್, ಪರಿವರ್ತನೆಗಿಂತ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ. ಅರಿವು ಕೇಂದ್ರದ ಒಂದು ಹಳೆಯ ಕಂಪ್ಯೂಟರು ಮತ್ತು ಒಂದು ವೈಫೈ ಪೆಟ್ಟಿಗೆ ಇದ್ದರೆ, ಇಂಟರ್ನೆಟ್ ಇಲ್ಲದೆಯೂ ಆ ಕೋಣೆಯಲ್ಲಿರುವವರ ಮೊಬೈಲಿಗೆ ಇಡೀ ಸಂಗ್ರಹದ ಪಟ್ಟಿ ಮತ್ತು ಪುಸ್ತಕ ತಲುಪಿಸಬಹುದು. ಒಪಿಡಿಎಸ್ ಎಂಬ ಇನ್ನೊಂದು ಮುಕ್ತ ಮಾನಕ ಈ ಪಟ್ಟಿಯನ್ನು ಓದುವ ಆ್ಯಪ್‌ಗಳ ಒಳಗೇ ತೋರಿಸುತ್ತದೆ.

ಹಕ್ಕು ಉಳಿದಿರುವ ಪುಸ್ತಕಗಳ ವಿಚಾರದಲ್ಲಿ ಕೀಲಿ ಇರುವುದು ಖರೀದಿಯ ಕೈಯಲ್ಲಿ. 1965ರ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವಿದೆ. ಆ ಹಣದಲ್ಲಿ ಅಚ್ಚಿನ ಪ್ರತಿ ಕೊಳ್ಳುವಾಗಲೇ, ಸರಿಯಾದ ಹೆಚ್ಚುವರಿ ಬೆಲೆ ಕೊಟ್ಟು, ಯುನಿಕೋಡ್‌ನ ಇಪಬ್ ಪ್ರತಿಯನ್ನೂ ಎರವಲಿನ ಹಕ್ಕಿನೊಂದಿಗೆ ಕೇಳಬಹುದು. ಪ್ರಕಾಶಕರು ಆಗ ಮುದ್ರಣಾಲಯಕ್ಕೆ ಕೇಳುತ್ತಾರೆ, ಮುದ್ರಣಾಲಯ ಹಳೆಯ ಫಾಂಟ್ ಬಿಡುತ್ತದೆ. ಬಂದ ಫೈಲನ್ನು ಸ್ವೀಕರಿಸುವ ಮುನ್ನ ಪರೀಕ್ಷಿಸಲು ತಜ್ಞರೇ ಬೇಕೆಂದಿಲ್ಲ. ಇಪಬ್‌ಚೆಕ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ರಚನೆಯ ದೋಷಗಳನ್ನು ಅದೇ ಎತ್ತಿ ತೋರಿಸುತ್ತದೆ. ಆಮೇಲೆ ಅಗ್ಗದ ಒಂದು ಮೊಬೈಲಿನಲ್ಲಿ ತೆರೆದು, ಒತ್ತಕ್ಷರವಿರುವ ಒಂದು ಪದವನ್ನು ಹುಡುಕಿ, ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ ನೋಡಬೇಕು. ಪದ ಸಿಗದಿದ್ದರೆ, ಓದು ತಡವರಿಸಿದರೆ, ಬಿಲ್ಲನ್ನು ತಡೆಹಿಡಿದು ಫೈಲ್ ಹಿಂದಕ್ಕೆ ಕಳಿಸಬೇಕು.